ತೆರಿಗೆ ಜಾಸ್ತಿ, ಸೇವೆ ಕಡಿಮೆ: ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ಏನಾಗಿದೆ?

ಪ್ರತಿ ವರ್ಷ ಮಾರ್ಚ್ ಬಂತೆಂದರೆ ಇಂಗ್ಲೆಂಡಿನ ಮನೆಮನೆಗೂ ಒಂದು ಬಿಲ್ ಬರುತ್ತದೆ. ಅದು ಕೌನ್ಸಿಲ್ ಟ್ಯಾಕ್ಸ್ ಬಿಲ್, ಅಂದರೆ ಊರಿನ ಆಡಳಿತ ನೋಡಿಕೊಳ್ಳುವ ಕೌನ್ಸಿಲ್ ಹಾಕುವ ಮನೆ ಕಂದಾಯ. ನಿಮ್ಮ ಮನೆ ಯಾವ ಬ್ಯಾಂಡಿಗೆ, ಅಂದರೆ ಬೆಲೆಯ ಯಾವ ವರ್ಗಕ್ಕೆ ಸೇರುತ್ತದೆ, ಪೊಲೀಸರಿಗೆ ಎಷ್ಟು, ಅಗ್ನಿಶಾಮಕ ದಳಕ್ಕೆ ಎಷ್ಟು, ಕೌನ್ಸಿಲ್‌ಗೆ ಎಷ್ಟು ಅಂತ ಒಂದೊಂದೇ ಸಾಲು ಬರೆದಿರುತ್ತದೆ. 2016ರಿಂದ ಹೆಚ್ಚಿನ ಕಡೆ ಆ ಹಾಳೆಗೆ ಇನ್ನೊಂದು ಸಾಲು ಸೇರಿಕೊಂಡಿದೆ. ಅದು ವಯಸ್ಸಾದವರ ಮತ್ತು ಅಂಗವಿಕಲರ ಆರೈಕೆಗೆಂದೇ ಹಾಕುವ ಹೆಚ್ಚುವರಿ ತೆರಿಗೆ. ಈ ಸಾಲು ಯಾಕೆ ಬಂತು ಅಂತ ಹುಡುಕುತ್ತಾ ಹೋದರೆ, ಅಲ್ಲಿನ ಊರುಗಳಲ್ಲಿ ಕಳೆದ ಹದಿನೈದು ವರ್ಷ ಏನು ನಡೆಯಿತು ಅನ್ನುವುದು ಒಂದೊಂದಾಗಿ ಗೊತ್ತಾಗುತ್ತದೆ.

ಬಿಲ್ ಕಟ್ಟುವವರ ದೂರು ಒಂದೇ. ಕಂದಾಯ ಏರುತ್ತಲೇ ಇದೆ, ಆದರೆ ಗ್ರಂಥಾಲಯ ಮುಚ್ಚಿದೆ, ರಸ್ತೆ ಗುಂಡಿ ಬಿದ್ದಿದೆ, ಹುಡುಗರು ಸಂಜೆ ಹೋಗುತ್ತಿದ್ದ ಯೂತ್ ಕ್ಲಬ್ ಇಲ್ಲ. ನಮ್ಮ ದುಡ್ಡು ಎಲ್ಲಿಗೆ ಹೋಗುತ್ತಿದೆ? ದೂರು ನ್ಯಾಯವಾದದ್ದೇ. ‘ಯಾರೋ ತಿಂದರು’ ಅಂತ ಹೇಳಿ ಮುಗಿಸುವುದೂ ಸುಲಭ. ಆದರೆ ವಿಷಯ ಅಷ್ಟು ಸರಳವಾಗಿಲ್ಲ.

ಕೌನ್ಸಿಲ್ ಅಂದರೆ ಬರೀ ಕಸ, ಬೀದಿದೀಪ ಅಲ್ಲ

ಇಂಗ್ಲೆಂಡಿನಲ್ಲಿ 317 ಕೌನ್ಸಿಲ್‌ಗಳಿವೆ. ಹೆಸರು ಕೇಳಿದರೆ ಕಸ ಎತ್ತುವುದು, ಬೀದಿದೀಪ ಹಾಕುವುದು, ಪಾರ್ಕು ನೋಡಿಕೊಳ್ಳುವುದು ಇವೇ ನೆನಪಾಗುತ್ತವೆ. ನಿಜವಾಗಿ ದೊಡ್ಡ ಕೌನ್ಸಿಲ್‌ಗಳ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೋಗುವುದು ಬೇರೆ ಕೆಲಸಕ್ಕೆ. ಹಾಸಿಗೆ ಹಿಡಿದ ಅಜ್ಜಿಯನ್ನು ಬೆಳಿಗ್ಗೆ ಎಬ್ಬಿಸಿ, ಸ್ನಾನ ಮಾಡಿಸಿ, ತಿಂಡಿ ಕೊಡುವ ಆರೈಕೆಗಾರ್ತಿಯ ಸಂಬಳ. ಮನೆಯಲ್ಲಿ ಹಿಂಸೆ ಅನುಭವಿಸಿದ ಮಗುವನ್ನು ಬೇರೆ ಕಡೆ ಇಟ್ಟು ಸಾಕುವ ಖರ್ಚು. ಮನೆ ಕಳೆದುಕೊಂಡ ಸಂಸಾರಕ್ಕೆ ತಾತ್ಕಾಲಿಕ ಸೂರು.

ಈ ಕೆಲಸಗಳನ್ನು ‘ಈ ವರ್ಷ ದುಡ್ಡಿಲ್ಲ, ಮುಂದಿನ ವರ್ಷ ನೋಡೋಣ’ ಅಂತ ಮುಂದೂಡುವ ಹಾಗಿಲ್ಲ. 1989ರ ಮಕ್ಕಳ ಕಾಯ್ದೆ, 2014ರ ಆರೈಕೆ ಕಾಯ್ದೆ, ಮನೆಯಿಲ್ಲದವರಿಗೆ ಸಂಬಂಧಿಸಿದ ಕಾನೂನುಗಳು, ಇವೆಲ್ಲ ಕೌನ್ಸಿಲ್ ಮಾಡಲೇಬೇಕಾದ ಕೆಲಸ ಏನು ಅಂತ ಹೇಳುತ್ತವೆ. ಅರ್ಹರಿಗೆ ಆರೈಕೆ ಕೊಡದಿದ್ದರೆ ಅವರು ಕೋರ್ಟಿಗೆ ಹೋಗಬಹುದು. ಆದರೆ ಯೂತ್ ಕ್ಲಬ್ ಮುಚ್ಚಿದರು ಅಂತ ಕೋರ್ಟಿಗೆ ಹೋಗಿ ಗೆಲ್ಲುವುದು ಬಹಳ ಕಷ್ಟ. ಮುಂದೆ ಬರುವ ಎಲ್ಲವೂ ಈ ವ್ಯತ್ಯಾಸದಿಂದಲೇ ಹುಟ್ಟಿದ್ದು.

ದುಡ್ಡು ಬರುವುದು ಮುಖ್ಯವಾಗಿ ಮೂರು ಕಡೆಯಿಂದ: ಮನೆ ಕಂದಾಯ, ಅಂಗಡಿ ಮತ್ತು ಕಚೇರಿಗಳ ಮೇಲಿನ ಬಿಸಿನೆಸ್ ರೇಟ್ಸ್ ತೆರಿಗೆಯ ಒಂದು ಪಾಲು, ಲಂಡನ್ನಿನ ಸರ್ಕಾರ ಕೊಡುವ ಅನುದಾನ. 2010ರಲ್ಲಿ ಅಧಿಕಾರಕ್ಕೆ ಬಂದ ಸಮ್ಮಿಶ್ರ ಸರ್ಕಾರ ಕತ್ತರಿ ಹಾಕಿದ್ದು ಈ ಮೂರನೆಯದಕ್ಕೆ. ಆಗ ಹಣಕಾಸು ಸಚಿವರಾಗಿದ್ದವರು ಜಾರ್ಜ್ ಆಸ್ಬರ್ನ್. 2008ರ ಬ್ಯಾಂಕ್ ಬಿಕ್ಕಟ್ಟಿನ ನಂತರ ಸರ್ಕಾರದ ಕೊರತೆ ತಗ್ಗಿಸಬೇಕು ಅನ್ನುವುದು ಅವರ ವಾದ. ಆಸ್ಪತ್ರೆ, ಶಾಲೆಗಳ ಬಜೆಟ್ ಮುಟ್ಟಿದರೆ ಜನ ಸುಮ್ಮನಿರುವುದಿಲ್ಲ. ಕೌನ್ಸಿಲ್ ಅನುದಾನ ಕಡಿಮೆಯಾದರೆ ಬೈಗುಳ ತಿನ್ನುವವರು ಸ್ಥಳೀಯ ಕೌನ್ಸಿಲರ್‌ಗಳು. ಕತ್ತರಿ ಅಲ್ಲಿಗೇ ಹೋಗಲು ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2018ರಲ್ಲಿ ಲೆಕ್ಕ ಹಾಕಿತು. 2010-11ರಿಂದ 2017-18ರ ವೇಳೆಗೆ, ಬೆಲೆ ಏರಿಕೆ ಕಳೆದು ನೋಡಿದರೆ, ಸರ್ಕಾರದ ಅನುದಾನ ಶೇ 49.1ರಷ್ಟು ಇಳಿದಿತ್ತು. ಏಳೇ ವರ್ಷದಲ್ಲಿ ಅರ್ಧ. ಕಂದಾಯವನ್ನೂ ಸೇರಿಸಿದರೆ ಕೌನ್ಸಿಲ್‌ಗಳ ಒಟ್ಟು ಖರ್ಚಿನ ಶಕ್ತಿ ಶೇ 28.6ರಷ್ಟು ಕುಗ್ಗಿತ್ತು. ಆಮೇಲೆ ಸ್ವಲ್ಪ ಚೇತರಿಕೆ ಬಂತು. ಆದರೂ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಎಂಬ ಆರ್ಥಿಕ ಸಂಶೋಧನಾ ಸಂಸ್ಥೆ 2024ರಲ್ಲಿ ಹೇಳಿದ ಪ್ರಕಾರ, ತಲಾ ಲೆಕ್ಕದಲ್ಲಿ ಕೌನ್ಸಿಲ್‌ಗಳ ಮೂಲ ಹಣ 2010ರ ದಶಕದ ಆರಂಭಕ್ಕಿಂತ ಶೇ 18ರಷ್ಟು ಕಡಿಮೆಯೇ ಇತ್ತು.

ಇದು ಸರಾಸರಿ. ಅತಿ ಬಡ ಪ್ರದೇಶಗಳ ಕೌನ್ಸಿಲ್‌ಗಳಲ್ಲಿ ಈ ಇಳಿಕೆ ಶೇ 26. ಅತಿ ಅನುಕೂಲಸ್ಥ ಪ್ರದೇಶಗಳಲ್ಲಿ ಶೇ 11 ಮಾತ್ರ. ಯಾಕೆ ಹೀಗೆ? ಬಡ ಊರಿನಲ್ಲಿ ಕಂದಾಯದಿಂದ ಬರುವುದು ಕಡಿಮೆ, ಆದ್ದರಿಂದ ಅದು ಅನುದಾನವನ್ನೇ ಹೆಚ್ಚು ನೆಚ್ಚಿಕೊಂಡಿರುತ್ತದೆ. ಎಲ್ಲರ ಅನುದಾನಕ್ಕೂ ಒಂದೇ ಅಳತೆಯ ಕತ್ತರಿ ಹಾಕಿದರೆ ಅನುದಾನವೇ ಆಧಾರವಾದವನಿಗೆ ಹೆಚ್ಚು ಗಾಯವಾಗುತ್ತದೆ, ಅಲ್ವಾ?

ಹಾಸಿಗೆ ಚಿಕ್ಕದು, ಕಾಲು ಮಡಿಸುವಂತಿಲ್ಲ

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಇಲ್ಲಿ ಹಾಸಿಗೆ ಎಷ್ಟು ಅಂತ ನಿರ್ಧರಿಸುವುದು ಸರ್ಕಾರ. ಕಾಲು ಎಷ್ಟು ಚಾಚಲೇಬೇಕು ಅಂತ ನಿರ್ಧರಿಸುವುದು ಕಾನೂನು. ಕೌನ್ಸಿಲ್ ಕೈಯಲ್ಲಿ ಇವೆರಡೂ ಇಲ್ಲ.

ಕಂದಾಯ ಏರಿಸಿಕೊಳ್ಳಲಿ ಅನ್ನಬಹುದು. ಅದಕ್ಕೂ ಮಿತಿ ಇದೆ. 2011ರ ಕಾಯ್ದೆಯ ಪ್ರಕಾರ ಸರ್ಕಾರ ಗೊತ್ತು ಮಾಡಿದ ಮಿತಿ ದಾಟಿ ಏರಿಸಬೇಕಾದರೆ ಊರಿನ ಜನಮತ ಕೇಳಬೇಕು. ಆರೈಕೆಯ ಹೊಣೆ ಇರುವ ಕೌನ್ಸಿಲ್‌ಗಳಿಗೆ ಈಚಿನ ವರ್ಷಗಳಲ್ಲಿ ಈ ಮಿತಿ ಶೇ 5ರ ಹತ್ತಿರ ನಿಂತಿದೆ. ಅದರಲ್ಲಿ ಶೇ 2 ಆರೈಕೆಗೇ ಮೀಸಲು. ಬಿಲ್ಲಿನಲ್ಲಿ ಬರುವ ಆ ಹೊಸ ಸಾಲು ಇದೇ. ಇನ್ನೊಂದು ವಿಚಿತ್ರ ನೋಡಿ. ಮನೆ ಯಾವ ಬ್ಯಾಂಡು ಅನ್ನುವುದು ಇವತ್ತಿಗೂ 1991ರ ಏಪ್ರಿಲ್‌ನಲ್ಲಿ ಆ ಮನೆಗೆ ಎಷ್ಟು ಬೆಲೆ ಇತ್ತು ಅನ್ನುವುದರ ಮೇಲೆ ನಿಂತಿದೆ. ಆಗ ಹುಟ್ಟಿದ ಮಗುವಿಗೆ ಈಗ ಮೂವತ್ತು ದಾಟಿದೆ. ವೇಲ್ಸ್ ಒಮ್ಮೆ ಮರುಮೌಲ್ಯ ಮಾಡಿಕೊಂಡಿತು. ಇಂಗ್ಲೆಂಡಿನಲ್ಲಿ ಯಾವ ಪಕ್ಷವೂ ಆ ಧೈರ್ಯ ಮಾಡಿಲ್ಲ. ಅತಿ ದುಬಾರಿ ಬ್ಯಾಂಡಿನ ಮನೆಯವರು ಕಟ್ಟುವುದು ಅತಿ ಅಗ್ಗದ ಬ್ಯಾಂಡಿನವರು ಕಟ್ಟುವುದರ ಮೂರು ಪಟ್ಟು ಮಾತ್ರ. ಮನೆಗಳ ಬೆಲೆಯಲ್ಲಿರುವ ಅಂತರ ಅದಕ್ಕಿಂತ ಎಷ್ಟೋ ಜಾಸ್ತಿ.

ಇತ್ತ ಖರ್ಚು ನಿಲ್ಲುತ್ತಿಲ್ಲ. ಮೂರು ಉದಾಹರಣೆ ಸ್ವಲ್ಪ ಹತ್ತಿರದಿಂದ ನೋಡೋಣ.

ಮೊದಲನೆಯದು, ಕೌನ್ಸಿಲ್ ಸುಪರ್ದಿಯಲ್ಲಿರುವ ಮಕ್ಕಳು. 2024ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ಇಂಥ 83,000ಕ್ಕೂ ಹೆಚ್ಚು ಮಕ್ಕಳಿದ್ದರು. ಸಾಕು ಕುಟುಂಬ ಸಿಗದಿದ್ದರೆ ಮಗುವನ್ನು ಮಕ್ಕಳ ನಿಲಯಕ್ಕೆ ಕಳಿಸಬೇಕು. ಆ ನಿಲಯಗಳಲ್ಲಿ ಹೆಚ್ಚಿನವು ಖಾಸಗಿಯವರ ಕೈಯಲ್ಲಿವೆ. ಶುಕ್ರವಾರ ಸಂಜೆ ಒಂದು ಮಗುವಿಗೆ ತುರ್ತಾಗಿ ಜಾಗ ಬೇಕು, ಇಡೀ ಪ್ರಾಂತ್ಯದಲ್ಲಿ ಖಾಲಿ ಇರುವುದು ಒಂದೇ ಹಾಸಿಗೆ ಅಂದರೆ ಚೌಕಾಶಿಗೆ ಏನು ಉಳಿಯಿತು? ಕೇಳಿದಷ್ಟು ಕೊಡಬೇಕು. ಕೌನ್ಸಿಲ್‌ಗಳ ಒಕ್ಕೂಟ ಕಲೆ ಹಾಕಿದ ಮಾಹಿತಿ ಪ್ರಕಾರ, ವಾರಕ್ಕೆ 10,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟು ಮಗುವನ್ನು ಇರಿಸಿದ ಪ್ರಕರಣಗಳು 2018-19ರಲ್ಲಿ 120 ಇದ್ದವು. 2022-23ರಲ್ಲಿ 1,500 ದಾಟಿದವು. ಆ ದರ ವರ್ಷವಿಡೀ ನಡೆದರೆ ಒಂದೇ ಮಗುವಿಗೆ 5 ಲಕ್ಷ ಪೌಂಡ್ ಮೀರುತ್ತದೆ. ಮಗುವಿಗೆ ಅಷ್ಟು ಒಳ್ಳೆಯ ಆರೈಕೆ ಸಿಕ್ಕಿದ್ದರೆ ಒಂದು ಸಮಾಧಾನ ಇರುತ್ತಿತ್ತು. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2022ರಲ್ಲಿ ಈ ಮಾರುಕಟ್ಟೆಯನ್ನು ಪರಿಶೀಲಿಸಿ, ನಿಲಯ ನಡೆಸುವ ದೊಡ್ಡ ಕಂಪನಿಗಳ ಲಾಭ ಸರಾಸರಿ ಶೇ 22.6ರಷ್ಟಿದೆ ಅಂತ ಹೇಳಿತು. ಮಕ್ಕಳಿಗೆ ಬೇಕಾದ ಕಡೆ ಬೇಕಾದ ಜಾಗ ಸಿಗುತ್ತಿಲ್ಲ ಅಂತಲೂ ಹೇಳಿತು.

ಎರಡನೆಯದು ಮನೆ ಇಲ್ಲದವರದ್ದು. ಬಾಡಿಗೆ ಏರಿ ಮನೆ ಬಿಡಬೇಕಾಗಿ ಬಂದ ಸಂಸಾರ ಕೌನ್ಸಿಲ್ ಬಾಗಿಲಿಗೆ ಬರುತ್ತದೆ. ಅವರನ್ನು ಒಂದು ಕೋಣೆಯಲ್ಲಿ ಇಡುತ್ತಾರೆ. ಹಾಸಿಗೆಯ ಮೇಲೇ ಮಕ್ಕಳ ಹೋಂವರ್ಕ್, ಹಾಸಿಗೆಯ ಮೇಲೇ ಊಟ. ಅಡುಗೆಗೆ ಜಾಗವಿಲ್ಲ, ಇರುವುದು ಒಂದು ಕೆಟಲ್. ಮಕ್ಕಳಿರುವ ಸಂಸಾರವನ್ನು ಇಂಥ ಬಿ ಆ್ಯಂಡ್ ಬಿ (ಸಣ್ಣ ವಸತಿಗೃಹ) ಕೋಣೆಗಳಲ್ಲಿ ಆರು ವಾರಕ್ಕಿಂತ ಹೆಚ್ಚು ಇಡಬಾರದು ಅಂತ ನಿಯಮವಿದೆ. ಇಡುತ್ತಿದ್ದಾರೆ, ಯಾಕೆಂದರೆ ಬೇರೆ ಜಾಗವೇ ಇಲ್ಲ. ಈ ಬಾಡಿಗೆಯಲ್ಲಿ ಸರ್ಕಾರ ಕೌನ್ಸಿಲ್‌ಗೆ ತುಂಬಿಕೊಡುವುದು 2011ರ ದರದ ಶೇ 90ರವರೆಗೆ ಮಾತ್ರ. ಬಾಡಿಗೆ ಇವತ್ತಿನದು, ಪರಿಹಾರ 2011ರದ್ದು. ನಡುವಿನ ಅಂತರ ಕೌನ್ಸಿಲ್ ಜೇಬಿನಿಂದ. 2023-24ರಲ್ಲಿ ಇಂಗ್ಲೆಂಡಿನ ಕೌನ್ಸಿಲ್‌ಗಳು ತಾತ್ಕಾಲಿಕ ವಸತಿಗೆ ಸುಮಾರು 230 ಕೋಟಿ ಪೌಂಡ್ ಸುರಿದವು.

ಮೂರನೆಯದು ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣ. ಇಂಥ ಮಗುವಿಗೆ ಯಾವ ಸಹಾಯ ಸಿಗಬೇಕು ಅಂತ ಕಾನೂನುಬದ್ಧವಾಗಿ ಬರೆದುಕೊಡುವ ಯೋಜನಾ ಪತ್ರವನ್ನು 2014ರ ಕಾಯ್ದೆ ತಂದಿತು. 2015ರಲ್ಲಿ ಸುಮಾರು 2.4 ಲಕ್ಷ ಮಕ್ಕಳಿಗೆ ಈ ರಕ್ಷಣೆ ಇತ್ತು. 2025ರ ಜನವರಿಗೆ 6.38 ಲಕ್ಷ ದಾಟಿತು. ಹತ್ತಿರದಲ್ಲಿ ಸರಿಯಾದ ಶಾಲೆ ಇಲ್ಲದಿದ್ದರೆ ದೂರದ ಶಾಲೆಗೆ ಟ್ಯಾಕ್ಸಿ. ಕೆಲವೊಮ್ಮೆ ಒಂದು ಟ್ಯಾಕ್ಸಿಯಲ್ಲಿ ಒಂದೇ ಮಗು, ಜತೆಗೊಬ್ಬ ಸಹಾಯಕಿ. ಈ ಬಾಬ್ತಿನಲ್ಲಿ ಬಿದ್ದ ಕೊರತೆಯನ್ನು ಕೌನ್ಸಿಲ್‌ನ ಮುಖ್ಯ ಲೆಕ್ಕದಿಂದ ಹೊರಗೆ ಇಡಬಹುದು ಅಂತ ಸರ್ಕಾರ 2020ರಲ್ಲಿ ವಿಶೇಷ ಅನುಮತಿ ಕೊಟ್ಟಿತು. 2025ರಲ್ಲಿ ಅದನ್ನು 2028ರ ಮಾರ್ಚ್‌ವರೆಗೆ ವಿಸ್ತರಿಸಿತು. ಪುಸ್ತಕದಲ್ಲಿ ಬೇರೆ ಪುಟದಲ್ಲಿ ಬರೆದರೆ ಸಾಲ ಸಾಲವಲ್ಲ ಅಂತೇನೂ ಆಗುವುದಿಲ್ಲ.

ಇವೆಲ್ಲ ಅನಿರೀಕ್ಷಿತವಲ್ಲ. ಲಂಡನ್ನಿನ ಬಾರ್ನೆಟ್ ಕೌನ್ಸಿಲ್ ಅಧಿಕಾರಿಗಳು 2010ರ ದಶಕದ ಆರಂಭದಲ್ಲೇ ಒಂದು ಗ್ರಾಫ್ ಬರೆದಿದ್ದರು. ವೃದ್ಧರ ಮತ್ತು ಮಕ್ಕಳ ಆರೈಕೆಯ ಖರ್ಚು ಹೀಗೇ ಏರಿದರೆ ಇಪ್ಪತ್ತು ವರ್ಷದೊಳಗೆ ಇಡೀ ಬಜೆಟ್ಟು ಅದಕ್ಕೇ ಹೋಗುತ್ತದೆ, ಬೇರೆ ಯಾವ ಕೆಲಸಕ್ಕೂ ಕಾಸು ಉಳಿಯುವುದಿಲ್ಲ ಅಂತ ಅದು ತೋರಿಸುತ್ತಿತ್ತು. ಕೌನ್ಸಿಲ್ ವಲಯದಲ್ಲಿ ಅದಕ್ಕೆ ‘ವಿನಾಶದ ಗ್ರಾಫ್’ ಅಂತಲೇ ಹೆಸರಾಯಿತು. ಎಲ್ಲರೂ ನೋಡಿದರು, ಮಾತಾಡಿಕೊಂಡರು. ಆದರೂ ಅನುದಾನದ ಗೆರೆ ಇಳಿಯುತ್ತಲೇ ಹೋಯಿತು.

ಮೊದಲು ಬೊಜ್ಜು, ಆಮೇಲೆ ಬೇರು

ಆರಂಭದ ಕೆಲವು ವರ್ಷ ಕೌನ್ಸಿಲ್‌ಗಳು ಚೆನ್ನಾಗಿಯೇ ನಿಭಾಯಿಸಿದವು ಅನ್ನಬೇಕು. ಎರಡು ಕಚೇರಿ ಇದ್ದಲ್ಲಿ ಒಂದಾಯಿತು. ಖಾಲಿಯಾದ ಹುದ್ದೆ ತುಂಬಲಿಲ್ಲ. ಅಕ್ಕಪಕ್ಕದ ಕೌನ್ಸಿಲ್‌ಗಳು ಒಬ್ಬರೇ ಅಧಿಕಾರಿಯನ್ನು ಹಂಚಿಕೊಂಡವು. ಕಸದ ಗಾಡಿ ವಾರಕ್ಕೊಮ್ಮೆ ಬರುತ್ತಿದ್ದದ್ದು ಎರಡು ವಾರಕ್ಕೊಮ್ಮೆ ಆಯಿತು, ಬರಿ ಎಂಬ ಊರಲ್ಲಿ 2014ರಲ್ಲಿ ಮೂರು ವಾರಕ್ಕೊಮ್ಮೆ ಆಯಿತು. ತೋಟದ ಕಸ ಒಯ್ಯಲು ಬೇರೆ ಶುಲ್ಕ ಬಂತು. ಬಾರ್ನೆಟ್ ತನ್ನ ಕೆಲಸಗಳಲ್ಲಿ ದೊಡ್ಡ ಪಾಲನ್ನು 2013ರಲ್ಲಿ ಕ್ಯಾಪಿಟಾ ಕಂಪನಿಗೆ ಹೊರಗುತ್ತಿಗೆ ಕೊಟ್ಟಿತು, ಹತ್ತು ವರ್ಷದಲ್ಲಿ ಅದರಲ್ಲಿ ಹೆಚ್ಚಿನದನ್ನು ವಾಪಸ್ ತಂದುಕೊಂಡಿತು.

ಬೊಜ್ಜು ಮುಗಿದ ಮೇಲೆ ಕತ್ತರಿ ಎಲ್ಲಿಗೆ ಹೋಗಬೇಕು? ಕಾನೂನು ಕಟ್ಟಿಹಾಕದ ಕಡೆಗೆ. ಗ್ರಂಥಾಲಯಗಳಿಗೆ 1964ರ ಕಾಯ್ದೆಯ ರಕ್ಷಣೆ ಇದೆ, ಆದರೆ ಆ ಕಾಯ್ದೆ ಎಷ್ಟು ಶಾಖೆ, ಎಷ್ಟು ಗಂಟೆ ಅಂತ ಹೇಳುವುದಿಲ್ಲ. 2010ರಿಂದ 2019ರೊಳಗೆ ಬ್ರಿಟನ್ನಿನಲ್ಲಿ ಸುಮಾರು 800 ಗ್ರಂಥಾಲಯಗಳು ಮುಚ್ಚಿದವು. ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದದ್ದು ನನಗೆ ಬಹಳ ನೋವು ತರುತ್ತದೆ. ಸುಮಾರು 19 ಕೋಟಿ ಪೌಂಡ್ ಖರ್ಚು ಮಾಡಿ ಕಟ್ಟಿದ ಅಲ್ಲಿನ ಹೊಸ ಗ್ರಂಥಾಲಯವನ್ನು 2013ರ ಸೆಪ್ಟೆಂಬರ್‌ನಲ್ಲಿ ಮಲಾಲಾ ಯೂಸುಫ್‌ಝೈ ಉದ್ಘಾಟಿಸಿದರು. ಚಿನ್ನದ ಬಣ್ಣದ, ಕಪ್ಪು ಬೆಳ್ಳಿ ಬಳೆಗಳನ್ನು ಜೋಡಿಸಿದಂತಿರುವ ಕಟ್ಟಡ. ಎರಡೇ ವರ್ಷ. 2015ರಲ್ಲಿ ವಾರಕ್ಕೆ 73 ಗಂಟೆ ತೆರೆದಿರುತ್ತಿದ್ದದ್ದು 40 ಗಂಟೆಗೆ ಇಳಿಯಿತು. ಕಟ್ಟಡಕ್ಕೆ ದುಡ್ಡು ಸಿಕ್ಕಿತ್ತು, ಬಾಗಿಲು ತೆರೆದು ಕೂರುವ ಮನುಷ್ಯನಿಗೆ ಸಿಗಲಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಶ್ಯೂರ್ ಸ್ಟಾರ್ಟ್ ಕೇಂದ್ರಗಳದ್ದು. 1999ರಲ್ಲಿ ಶುರುವಾದ ಯೋಜನೆ ಇದು. ಐದು ವರ್ಷದೊಳಗಿನ ಮಕ್ಕಳಿರುವ ತಾಯ್ತಂದೆ ಒಂದೇ ಜಾಗಕ್ಕೆ ಬರಬಹುದಿತ್ತು. ಹಾಲೂಡಿಸುವ ಬಗ್ಗೆ ಸಲಹೆ, ಮಾತು ತಡವಾದ ಮಗುವಿಗೆ ಸಹಾಯ, ಕೆಲಸ ಹುಡುಕುವುದು, ಆಟ, ಪಾಠ ಎಲ್ಲ ಅಲ್ಲೇ. ಒಂಟಿಯಾಗಿ ಮನೆಯಲ್ಲಿ ಕೂಸು ಹಿಡಿದು ಕೂತ ತಾಯಿಗೆ ಇನ್ನೊಬ್ಬ ತಾಯಿಯ ಜತೆ ಅರ್ಧ ಗಂಟೆ ಮಾತಾಡುವ ಅವಕಾಶವೂ ಸಿಗುತ್ತಿತ್ತು. ಅದು ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ಉತ್ತುಂಗದಲ್ಲಿ ಇಂಥ 3,600 ಕೇಂದ್ರಗಳಿದ್ದವು. 2010ರ ನಂತರ ಸಾವಿರಕ್ಕೂ ಹೆಚ್ಚು ಮುಚ್ಚಿಹೋದವು.

ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ 2024ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಹೊರತಂದಿತು. ಮೊದಮೊದಲು ತೆರೆದ ಕೇಂದ್ರಗಳ ಹತ್ತಿರ ಬೆಳೆದ ಮಕ್ಕಳು ಹದಿನಾರರ ವಯಸ್ಸಿನಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ ಉಳಿದವರಿಗಿಂತ ಚೆನ್ನಾಗಿ ಮಾಡಿದ್ದರು. ಶಾಲೆಯಲ್ಲಿ ಉಚಿತ ಊಟ ಪಡೆಯುವ ಬಡ ಮಕ್ಕಳಿಗೆ ಎಲ್ಲ ವಿಷಯ ಸೇರಿ ಮೂರು ಗ್ರೇಡಿನಷ್ಟು ಲಾಭವಾಗಿತ್ತು. ನಂತರ ಕಡಿಮೆ ದುಡ್ಡಿನಲ್ಲಿ ಅವಸರದಲ್ಲಿ ತೆರೆದ ಕೇಂದ್ರಗಳಲ್ಲಿ ಇಂಥ ಫಲ ಕಾಣಲಿಲ್ಲ ಅನ್ನುವುದನ್ನೂ ಅಧ್ಯಯನ ಹೇಳುತ್ತದೆ. ಅಂದರೆ ಬೋರ್ಡು ಹಾಕಿದರೆ ಸಾಲದು, ಒಳಗೆ ಜನ ಇರಬೇಕು, ಅವರಿಗೆ ಸಂಬಳ ಇರಬೇಕು.

ನಾನು ಈ ಲೇಖನ ಬರೆಯಲು ಕೂತದ್ದೇ ಈ ಮಾತು ಹೇಳುವುದಕ್ಕೆ. ಕೌನ್ಸಿಲ್‌ಗಳು ಕಡಿತವನ್ನು ‘ನಿಭಾಯಿಸಿದವು’ ಅನ್ನುವಾಗ, ಯಾವುದನ್ನು ಮೊದಲು ಕೈಬಿಟ್ಟು ನಿಭಾಯಿಸಿದವು ಅಂತ ಕೇಳಬೇಕು. ಕೈಬಿಟ್ಟದ್ದು ತೊಂದರೆ ಬರುವ ಮುಂಚೆ ತಡೆಯುವ ಕೆಲಸಗಳನ್ನು. ಉಳಿಸಿಕೊಂಡದ್ದು ತೊಂದರೆ ಬಂದ ಮೇಲೆ ಮಾಡಲೇಬೇಕಾದ ಕೆಲಸಗಳನ್ನು. ಸಂಸಾರ ಕುಸಿಯುವ ಮುಂಚೆ ಕೈಹಿಡಿಯಲು ಯಾರೂ ಇಲ್ಲ. ಕುಸಿದ ಮೇಲೆ ಮಗುವನ್ನು ವಾರಕ್ಕೆ 10,000 ಪೌಂಡಿನ ನಿಲಯಕ್ಕೆ ಕಳಿಸಲು ಕಾನೂನು ಇದೆ. ಆ 10,000 ಹೊಂದಿಸಲು ಮತ್ತೊಂದು ಕೇಂದ್ರ ಮುಚ್ಚಬೇಕು. ಒಂದು ಸುತ್ತು ತಿರುಗಿದ ಮೇಲೆ ಇನ್ನೊಂದು ಸುತ್ತು.

ಮೂಗಿಗಿಂತ ಮೂಗುತಿ ಭಾರ

ಕೆಲವರು ಬೇರೆ ದಾರಿ ಹಿಡಿದರು. ಸರ್ಕಾರ ಕೊಡದಿದ್ದರೆ ನಾವೇ ದುಡಿಯೋಣ ಅಂದರು. ಕೌನ್ಸಿಲ್‌ಗಳಿಗೆ ಸರ್ಕಾರದ್ದೇ ಒಂದು ಸಾಲ ವ್ಯವಸ್ಥೆ ಇದೆ. ಬಡ್ಡಿ ಕಡಿಮೆ, ತೀರಿಸಲು ದಶಕಗಳ ಕಾಲ ಅವಕಾಶ. ಅಲ್ಲಿಂದ ಸಾಲ ತೆಗೆದು ಕಚೇರಿ ಕಟ್ಟಡ, ಶಾಪಿಂಗ್ ಮಾಲ್ ಕೊಂಡು ಬಾಡಿಗೆಗೆ ಕೊಡುವುದು. ಬಾಡಿಗೆಯಲ್ಲಿ ಬಡ್ಡಿ ಕಳೆದು ಉಳಿದದ್ದು ವೃದ್ಧರ ಆರೈಕೆಗೆ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಲೆಕ್ಕಪರಿಶೋಧನಾ ಕಚೇರಿಯ ಪ್ರಕಾರ 2016-17ರಿಂದ ಮೂರು ವರ್ಷದಲ್ಲಿ ಕೌನ್ಸಿಲ್‌ಗಳು ವಾಣಿಜ್ಯ ಕಟ್ಟಡಗಳಿಗೆ 660 ಕೋಟಿ ಪೌಂಡ್ ಹಾಕಿದವು. ಹಿಂದಿನ ಮೂರು ವರ್ಷದ 14 ಪಟ್ಟಿಗೂ ಜಾಸ್ತಿ.

ಲಂಡನ್ ಪಕ್ಕದ ವೋಕಿಂಗ್ ಸುಮಾರು ಒಂದು ಲಕ್ಷ ಜನರ ಊರು. ಅಲ್ಲಿನ ಕೌನ್ಸಿಲ್ ಸಾಲ ಮಾಡಿ ಗಗನಚುಂಬಿ ಕಟ್ಟಡಗಳನ್ನು, ಹೋಟೆಲನ್ನು ಎಬ್ಬಿಸಿತು. 2023ರ ಜೂನ್‌ನಲ್ಲಿ ಕೈಯೆತ್ತಿದಾಗ ಅದರ ವಾರ್ಷಿಕ ಮೂಲ ಬಜೆಟ್ 1.6 ಕೋಟಿ ಪೌಂಡ್, ಎದುರಿಗಿದ್ದ ಕೊರತೆ 120 ಕೋಟಿ ಪೌಂಡ್. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಥರಕ್ ಕೌನ್ಸಿಲ್ ಬೇರೆ ಕೌನ್ಸಿಲ್‌ಗಳಿಂದಲೇ ಸಾಲ ಎತ್ತಿ ಸೋಲಾರ್ ವ್ಯವಹಾರಗಳಲ್ಲಿ ಹೂಡಿ ಕೈ ಸುಟ್ಟುಕೊಂಡಿತು. ನಾಟಿಂಗ್‌ಹ್ಯಾಮ್ 2015ರಲ್ಲಿ ಬಡವರಿಗೆ ಅಗ್ಗದ ವಿದ್ಯುತ್ ಕೊಡಲು ‘ರಾಬಿನ್ ಹುಡ್ ಎನರ್ಜಿ’ ಕಂಪನಿ ಕಟ್ಟಿತು. ಉದ್ದೇಶ ಒಳ್ಳೆಯದೇ. 2020ರಲ್ಲಿ ಅದು ಮುಚ್ಚಿದಾಗ ಊರಿನ ಕೋಟ್ಯಂತರ ಪೌಂಡ್ ಮುಳುಗಿತ್ತು.

ನೋಡಿಕೊಳ್ಳುವವರು ಯಾರೂ ಇರಲಿಲ್ಲವೇ? ಇದ್ದರು. ಕೌನ್ಸಿಲ್‌ಗಳ ಲೆಕ್ಕ ತಪಾಸಣೆಗೆಂದೇ ‘ಆಡಿಟ್ ಕಮಿಷನ್’ ಇತ್ತು. ಉಳಿತಾಯದ ಹೆಸರಿನಲ್ಲಿ ಸರ್ಕಾರ ಅದನ್ನು 2015ರಲ್ಲಿ ಮುಚ್ಚಿತು. ಕೆಲಸ ಖಾಸಗಿ ಸಂಸ್ಥೆಗಳಿಗೆ ಹೋಯಿತು, ಬಾಕಿ ಬೆಟ್ಟವಾಯಿತು. 2022-23ರ ಲೆಕ್ಕಗಳಲ್ಲಿ ಸಮಯಕ್ಕೆ ಸರಿಯಾಗಿ ತಪಾಸಣೆ ಮುಗಿದದ್ದು ನೂರಕ್ಕೆ ಒಂದು. ಕಟ್ಟಡ ಕೊಳ್ಳಲು ಸಾಲ ಕೊಡಬಾರದು ಅಂತ ಸರ್ಕಾರ ನಿಯಮ ಬಿಗಿ ಮಾಡಿದ್ದು 2020ರ ನವೆಂಬರ್‌ನಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು.

ಸೆಕ್ಷನ್ 114

ಪತ್ರಿಕೆಗಳು ‘ಕೌನ್ಸಿಲ್ ದಿವಾಳಿ’ ಅಂತ ಬರೆಯುತ್ತವೆ. ಕಾನೂನಿನ ಪ್ರಕಾರ ಇಂಗ್ಲೆಂಡಿನಲ್ಲಿ ಕೌನ್ಸಿಲ್ ದಿವಾಳಿ ಆಗುವಂತಿಲ್ಲ. ಆಗುವುದು ಏನೆಂದರೆ, ಆ ವರ್ಷದ ಖರ್ಚು ಆದಾಯವನ್ನು ಮೀರುತ್ತದೆ ಅಂತ ಕಂಡ ಕೂಡಲೇ ಕೌನ್ಸಿಲ್‌ನ ಮುಖ್ಯ ಹಣಕಾಸು ಅಧಿಕಾರಿ 1988ರ ಕಾಯ್ದೆಯ 114ನೇ ಸೆಕ್ಷನ್ ಅಡಿ ವರದಿ ಕೊಡಲೇಬೇಕು. ಮೇಯರ್ ಬೇಡ ಅಂದರೂ ನಿಲ್ಲಿಸುವಂತಿಲ್ಲ. ಅಲ್ಲಿಂದ ಹೊಸ ಖರ್ಚಿನ ಒಪ್ಪಂದ ಬಂದ್. 21 ದಿನದೊಳಗೆ ಕೌನ್ಸಿಲ್ ಸಭೆ ಸೇರಿ ದಾರಿ ಹುಡುಕಬೇಕು.

ಸುಮಾರು ಎರಡು ದಶಕ ಈ ಸೆಕ್ಷನ್ ಪುಸ್ತಕದಲ್ಲೇ ಮಲಗಿತ್ತು. 2018ರ ಫೆಬ್ರವರಿಯಲ್ಲಿ ನಾರ್ತ್‌ಹ್ಯಾಂಪ್ಟನ್‌ಶೈರ್ ಕೌಂಟಿ ಅದನ್ನು ಎಬ್ಬಿಸಿತು. ಹಿಂದಿನ ಅಕ್ಟೋಬರ್‌ನಲ್ಲಷ್ಟೇ 5.3 ಕೋಟಿ ಪೌಂಡಿನ ಹೊಸ ಕಚೇರಿ ತೆರೆದಿದ್ದರು. ಅದನ್ನೇ ಮಾರಿ, ಅದರಲ್ಲೇ ಬಾಡಿಗೆಗೆ ಕೂತರು. 21 ಗ್ರಂಥಾಲಯ ಮುಚ್ಚಲು ಹೊರಟಾಗ ಜನ ಹೈಕೋರ್ಟಿಗೆ ಹೋದರು, ಆ ತೀರ್ಮಾನ ಕಾನೂನುಬಾಹಿರ ಅಂತ ಕೋರ್ಟು ಹೇಳಿತು. 2021ರಲ್ಲಿ ಆ ಕೌಂಟಿ ಕೌನ್ಸಿಲ್ ಅನ್ನೇ ರದ್ದು ಮಾಡಿ ಎರಡು ಹೊಸ ಕೌನ್ಸಿಲ್ ಮಾಡಿದರು. ಆಮೇಲೆ ಕ್ರಾಯ್ಡನ್, ಸ್ಲೌ, ಥರಕ್, ವೋಕಿಂಗ್. 2023ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್, ನವೆಂಬರ್‌ನಲ್ಲಿ ನಾಟಿಂಗ್‌ಹ್ಯಾಮ್.

ಬರ್ಮಿಂಗ್‌ಹ್ಯಾಮ್‌ದು ಹನ್ನೊಂದು ಲಕ್ಷ ಮೀರಿದ ಜನಸಂಖ್ಯೆ. ಅಲ್ಲಿ ಬರೀ ಅನುದಾನ ಕಡಿತವನ್ನು ದೂರಿದರೆ ತಪ್ಪಾಗುತ್ತದೆ. ಸ್ವಚ್ಛತೆ, ಅಡುಗೆ, ಆರೈಕೆಯ ಕೆಲಸ ಮಾಡುವ ಹೆಂಗಸರಿಗೆ ಸಿಗದ ಬೋನಸ್ಸು ಕಸದ ಗಾಡಿಯಲ್ಲಿ ಕೆಲಸ ಮಾಡುವ ಗಂಡಸರಿಗೆ ಸಿಗುತ್ತಿತ್ತು. 2012ರಲ್ಲಿ ಸುಪ್ರೀಂ ಕೋರ್ಟು ಆ ಹೆಂಗಸರ ಪರವಾಗಿ ನಿಂತಿತು. ಕೌನ್ಸಿಲ್ ಹತ್ತಿರ ಹತ್ತಿರ 110 ಕೋಟಿ ಪೌಂಡ್ ಬಾಕಿ ಕಟ್ಟಿತು. ಕಟ್ಟಿಯೂ ಪದ್ಧತಿ ಸರಿಮಾಡಲಿಲ್ಲ, 2023ರಲ್ಲಿ ಇನ್ನೂ 76 ಕೋಟಿವರೆಗೆ ಹೊರೆ ಇದೆ ಅಂತ ಅಂದಾಜು ಬಂತು. ಜತೆಗೆ ಸುಮಾರು 2 ಕೋಟಿಯಲ್ಲಿ ಮುಗಿಯಬೇಕಿದ್ದ ಕಂಪ್ಯೂಟರ್ ವ್ಯವಸ್ಥೆ 10 ಕೋಟಿಗೆ ಹೋಯಿತು. ಇವು ಕೌನ್ಸಿಲ್‌ನದೇ ತಪ್ಪುಗಳು. ಆದರೆ ಕೈಯಲ್ಲಿ ನಾಲ್ಕು ಕಾಸಿದ್ದಾಗ ತಪ್ಪನ್ನು ತಾಳಿಕೊಳ್ಳಬಹುದು. ಹತ್ತು ವರ್ಷದ ಕಡಿತದ ನಂತರ ಅಂಥ ಕಾಸು ಯಾರ ಹತ್ತಿರವೂ ಉಳಿದಿರಲಿಲ್ಲ.

ಬೆಲೆ ತೆತ್ತದ್ದು ಊರಿನ ಜನ. ಸರ್ಕಾರದ ವಿಶೇಷ ಅನುಮತಿಯ ಮೇಲೆ ಮಿತಿ ದಾಟಿ 2024ರಲ್ಲಿ ಕಂದಾಯ ಶೇ 10ರಷ್ಟು, 2025ರಲ್ಲಿ ಶೇ 7.5ರಷ್ಟು ಏರಿತು. ಎರಡು ವರ್ಷದಲ್ಲಿ 30 ಕೋಟಿ ಪೌಂಡ್ ಕಡಿತದ ಯೋಜನೆ ಬಂತು. ಕಸದ ಗಾಡಿಯಲ್ಲಿ ಒಂದು ಹುದ್ದೆ ರದ್ದು ಮಾಡಲು ಹೋದಾಗ ಯುನೈಟ್ ಎಂಬ ಕಾರ್ಮಿಕ ಸಂಘ ಮುಷ್ಕರ ಹೂಡಿತು. ಆ ಹುದ್ದೆ ಇಟ್ಟುಕೊಂಡರೆ ಸಮಾನ ವೇತನದ ಹೊಸ ಕೇಸು ಬೀಳುತ್ತದೆ ಅನ್ನುವುದು ಕೌನ್ಸಿಲ್ ವಾದ. ನಮ್ಮ ವರ್ಷದ ಸಂಬಳದಲ್ಲಿ ಸಾವಿರಾರು ಪೌಂಡ್ ಹೋಗುತ್ತದೆ ಅನ್ನುವುದು ಕಾರ್ಮಿಕರ ಸಂಕಟ. 2025ರ ಮಾರ್ಚ್ ಕೊನೆಗೆ ಬೀದಿಗಳಲ್ಲಿ 17,000 ಟನ್ ಕಸ. ಕಪ್ಪು ಚೀಲಗಳು ಗೋಡೆಯೆತ್ತರ ಪೇರಿದ್ದವು, ಹರಿದ ಚೀಲಗಳಿಂದ ಇಲಿ ಹೊರಬರುತ್ತಿದ್ದವು. ಕೌನ್ಸಿಲ್ ತುರ್ತುಸ್ಥಿತಿ ಘೋಷಿಸಿತು. ಹಳೆಯ ಅನ್ಯಾಯ ಸರಿಮಾಡುವ ಖರ್ಚು ಇನ್ನೊಂದು ಕಡೆಯ ಕೂಲಿಕಾರರ ತಟ್ಟೆಗೆ ಕೈಹಾಕಿತು.

ಈಗ 114 ನೋಟಿಸುಗಳ ಸುದ್ದಿ ಕಡಿಮೆಯಾಗಿದೆ. ಪರಿಸ್ಥಿತಿ ಸುಧಾರಿಸಿತು ಅಂತಲ್ಲ. ಸರ್ಕಾರ ‘ಅಸಾಧಾರಣ ಹಣಕಾಸು ನೆರವು’ ಕೊಡುತ್ತಿದೆ. 2025-26ಕ್ಕೆ 30 ಕೌನ್ಸಿಲ್‌ಗಳು ಇದನ್ನು ಪಡೆದವು. ಹೆಸರು ನೆರವು, ಆದರೆ ಹೆಚ್ಚಿನಂಶ ಪುಕ್ಕಟೆ ಹಣವಲ್ಲ. ಆಸ್ತಿ ಮಾರಿ ಅಥವಾ ಸಾಲ ತೆಗೆದು ದಿನನಿತ್ಯದ ಖರ್ಚು ಮಾಡಿಕೊಳ್ಳಿ ಅನ್ನುವ ಅನುಮತಿ. ಮಾಮೂಲಿ ನಿಯಮದಲ್ಲಿ ಇದಕ್ಕೆ ಅವಕಾಶವಿಲ್ಲ. ಬಿತ್ತನೆ ಬೀಜ ಬೇಯಿಸಿಕೊಂಡು ತಿನ್ನಲು ಅಪ್ಪಣೆ ಕೊಟ್ಟ ಹಾಗೆ.

ವಿಗನ್ ಕೇಳಿದ ಪ್ರಶ್ನೆ

ಎಲ್ಲ ಕಡೆ ಕಥೆ ಒಂದೇ ಅಲ್ಲ. ಮ್ಯಾಂಚೆಸ್ಟರ್ ಪಕ್ಕದ ವಿಗನ್ ಒಂದು ಕಾಲದ ಕಲ್ಲಿದ್ದಲು ಗಣಿಯ ಊರು. 2010ರ ನಂತರ ಅತಿ ಹೆಚ್ಚು ಕಡಿತ ಕಂಡ ಕೌನ್ಸಿಲ್‌ಗಳಲ್ಲಿ ಅದೂ ಒಂದು. ಅವರು ಊರಿನ ಜನರ ಜತೆ ಒಂದು ಒಪ್ಪಂದಕ್ಕೆ ಬಂದರು: ನಾವು ಕಂದಾಯ ಕಡಿಮೆಯೇ ಇಡುತ್ತೇವೆ, ನೀವು ಕೆಲವು ಕೆಲಸಕ್ಕೆ ಕೈಜೋಡಿಸಿ. ಇಷ್ಟೇ ಆಗಿದ್ದರೆ ಬರೀ ಘೋಷಣೆಯಾಗುತ್ತಿತ್ತು. ಸಿಬ್ಬಂದಿಗೆ ಮಾತಾಡುವ ರೀತಿಯನ್ನೇ ಬದಲಿಸಲು ತರಬೇತಿ ಕೊಟ್ಟರು. ಒಬ್ಬ ಮುದುಕರ ಮನೆಗೆ ಹೋದಾಗ ‘ನಿಮಗೆ ಏನೇನು ಆಗುವುದಿಲ್ಲ’ ಅಂತ ಫಾರಂ ತುಂಬುವ ಬದಲು ‘ನಿಮಗೆ ಏನಿಷ್ಟ, ಯಾರ ಜತೆ ಹೊತ್ತು ಕಳೆಯುತ್ತೀರಿ’ ಅಂತ ಕೇಳಬೇಕು. ಒಂಟಿತನಕ್ಕೆ ಡೇ ಸೆಂಟರ್ ಬೇಕಿಲ್ಲದಿರಬಹುದು, ಪಕ್ಕದ ಬೀದಿಯ ಸಂಘ ಸಾಕಾಗಬಹುದು. ಆ ಸಂಘಗಳು ಬದುಕಿರಲಿ ಅಂತ ಕಡಿತದ ಮಧ್ಯೆಯೂ ಕೌನ್ಸಿಲ್ ಅವಕ್ಕೆ ಹಣ ತೆಗೆದಿಟ್ಟಿತು. ಕಿಂಗ್ಸ್ ಫಂಡ್ ಎಂಬ ಆರೋಗ್ಯ ಸಂಶೋಧನಾ ಸಂಸ್ಥೆ 2019ರಲ್ಲಿ ಇದನ್ನು ನೋಡಿ, ಜನ ಆರೋಗ್ಯವಾಗಿ ಬದುಕುವ ವರ್ಷಗಳು ಅಲ್ಲಿ ಹೆಚ್ಚಿದ್ದನ್ನು ದಾಖಲಿಸಿತು.

ಪ್ರೆಸ್ಟನ್ನಿನ ದಾರಿ ಬೇರೆ. 2011ರಲ್ಲಿ ದೊಡ್ಡ ಶಾಪಿಂಗ್ ಯೋಜನೆ ಬಿದ್ದುಹೋದ ಮೇಲೆ, ಹೊರಗಿನ ಹೂಡಿಕೆದಾರನಿಗೆ ಕಾಯುವುದು ಬಿಟ್ಟರು. ಊರಲ್ಲೇ ಇರುವ ಕೌನ್ಸಿಲ್, ಕಾಲೇಜು, ಪೊಲೀಸ್ ಇಲಾಖೆಯಂಥ ಸಂಸ್ಥೆಗಳು ಏನು ಕೊಳ್ಳುತ್ತವೆ, ಎಲ್ಲಿಂದ ಕೊಳ್ಳುತ್ತವೆ ಅಂತ ಲೆಕ್ಕ ತೆಗೆದರು. 2012-13ರಲ್ಲಿ ಆ ಖರೀದಿಯಲ್ಲಿ ಊರಿನೊಳಗೆ ಉಳಿಯುತ್ತಿದ್ದದ್ದು ಶೇ 5. 2016-17ಕ್ಕೆ ಶೇ 18. ಹೊಸ ದುಡ್ಡು ಬರಲಿಲ್ಲ, ಇದ್ದ ದುಡ್ಡು ಊರಲ್ಲಿ ಇನ್ನೊಂದು ಸುತ್ತು ತಿರುಗಿತು.

ಈ ಎರಡೂ ಊರುಗಳನ್ನು ತೋರಿಸಿ ‘ನೋಡಿ, ಮನಸ್ಸಿದ್ದರೆ ಮಾರ್ಗ’ ಅಂತ ಮಂತ್ರಿಗಳು ಭಾಷಣ ಮಾಡಿದರೆ ನಾನು ಒಪ್ಪುವುದಿಲ್ಲ. ವಿಗನ್ ಯಶಸ್ಸಿಗೆ ವರ್ಷಗಟ್ಟಲೆ ಸ್ಥಿರವಾಗಿದ್ದ ನಾಯಕತ್ವ ಬೇಕಾಯಿತು, ಕೈಯಲ್ಲಿ ಸ್ವಲ್ಪ ಉಳಿತಾಯ ಬೇಕಾಯಿತು. ಇವತ್ತು ನೋಟಿಸಿನ ಅಂಚಿನಲ್ಲಿ ನಿಂತ ಕೌನ್ಸಿಲ್‌ಗೆ ಇವೆರಡೂ ಇಲ್ಲ. ಎಷ್ಟು ಒಳ್ಳೆಯ ಮಾತಾಡಿದರೂ ಮಕ್ಕಳ ನಿಲಯದ ಬಿಲ್ಲು ಕಡಿಮೆಯಾಗುವುದಿಲ್ಲ.

2024ರಲ್ಲಿ ಬಂದ ಲೇಬರ್ ಸರ್ಕಾರ ಅನುದಾನ ಹಂಚುವ ಸೂತ್ರವನ್ನೇ ಬದಲಿಸಲು ಹೊರಟಿತು. 2026-27ರಿಂದ ಬಡತನಕ್ಕೆ ಹೆಚ್ಚು ತೂಕ, ಒಂದೊಂದೇ ವರ್ಷದ ಬದಲು ಮೂರು ವರ್ಷದ ಲೆಕ್ಕ ಒಟ್ಟಿಗೆ. ಮೂರು ವರ್ಷ ಮುಂದೆ ಗೊತ್ತಿದ್ದರೆ ಒಬ್ಬ ಯೂತ್ ವರ್ಕರನ್ನು ಧೈರ್ಯವಾಗಿ ನೇಮಿಸಬಹುದು, ಆದ್ದರಿಂದ ಇದು ಸಣ್ಣ ಬದಲಾವಣೆಯಲ್ಲ. ಕೌಂಟಿ, ಡಿಸ್ಟ್ರಿಕ್ಟ್ ಎಂಬ ಎರಡು ಹಂತ ಇರುವ ಕಡೆ ಎಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಕೌನ್ಸಿಲ್ ಮಾಡುವ ಕೆಲಸವೂ ನಡೆದಿದೆ. ಅದರಿಂದ ಎಷ್ಟು ಉಳಿಯುತ್ತದೆ ಅನ್ನುವುದಕ್ಕಿಂತ, ಸೇರುವ ಕೌನ್ಸಿಲ್‌ಗಳ ಹಳೇ ಸಾಲ ಯಾರ ತಲೆಗೆ ಅನ್ನುವುದೇ ಈಗ ಹೆಚ್ಚು ಜಗಳದ ವಿಷಯ.

2025ರ ಜುಲೈನಲ್ಲಿ ಅದೇ ಸರ್ಕಾರ ಇನ್ನೊಂದು ಘೋಷಣೆ ಮಾಡಿತು. 50 ಕೋಟಿ ಪೌಂಡಿನಲ್ಲಿ, 2028ರ ಕೊನೆಯೊಳಗೆ ಸಾವಿರದವರೆಗೆ ‘ಫ್ಯಾಮಿಲಿ ಹಬ್’ಗಳು. ಎಳೆ ಮಕ್ಕಳಿರುವ ತಾಯ್ತಂದೆ ಬಂದು ಸಲಹೆ, ಸಹಾಯ ಪಡೆಯುವ ಕೇಂದ್ರಗಳು. ಶ್ಯೂರ್ ಸ್ಟಾರ್ಟ್ ಮಾಡುತ್ತಿದ್ದ ಕೆಲಸವೇ. ಆ ಕೇಂದ್ರಗಳಿಗೆ ಬೀಗ ಬೀಳಲು ಶುರುವಾದಾಗ, 2010ರಲ್ಲಿ, ತೊಟ್ಟಿಲಲ್ಲಿದ್ದ ಮಕ್ಕಳು 2026ರ ಬೇಸಿಗೆಯಲ್ಲಿ ಜಿಸಿಎಸ್‌ಇ ಪರೀಕ್ಷೆಗೆ ಕೂರುವ ವಯಸ್ಸಿಗೆ ಬಂದಿದ್ದಾರೆ.